ಮಾತು ನಿಂತ ಪೆಟ್ಟಿಗೆ

ಆಶಯ: ಕೊಂಡ ವಸ್ತು ಕೆಟ್ಟಾಗ ಎದೆಗುಂದುವುದೂ ಸಲ್ಲದು, ಅಂಗಡಿಯ ಮುಂದೆ ಕೂಗಾಡುವುದೂ ಸಲ್ಲದು. ಪರೀಕ್ಷೆ, ದಾಖಲೆ, ಸೌಜನ್ಯ, ಕಾನೂನು ಮತ್ತು ದುರಸ್ತಿ ಎಂಬ ಐದು ದಾರಿಗಳು ಗ್ರಾಹಕನಿಗೆ ತೆರೆದಿವೆ. ಕಂಪ್ಯೂಟರಿನ ಒಂದು ಜೊತೆ ಸ್ಪೀಕರುಗಳನ್ನು ನಿಮಿತ್ತವಾಗಿ ಇಟ್ಟುಕೊಂಡು ಈ ಪಾಠವು ಆ ದಾರಿಗಳನ್ನು ಪರಿಚಯಿಸುತ್ತದೆ.

ಮನೆಯೆಂದ ಮೇಲೆ ವಸ್ತುಗಳು ಇರುತ್ತವೆ. ವಸ್ತುಗಳೆಂದ ಮೇಲೆ ಅವು ಕೆಡುತ್ತವೆ. ನೇಗಿಲಿನ ಕುಳ ಸವೆಯುತ್ತದೆ, ಬಾವಿಯ ಹಗ್ಗ ಹರಿಯುತ್ತದೆ, ಗಾಡಿಯ ಗಾಲಿ ಸಡಿಲವಾಗುತ್ತದೆ. ಹಿಂದಿನ ಕಾಲದ ಗೃಹಸ್ಥನಿಗೆ ಇವುಗಳ ಚಿಕಿತ್ಸೆ ತಿಳಿದಿತ್ತು. ಕುಳ ಸವೆದರೆ ಊರಿನಲ್ಲಿ ಕಮ್ಮಾರನ ಕುಲುಮೆಯಿತ್ತು; ಗಾಲಿ ಸಡಿಲವಾದರೆ ಬಡಗಿಯ ಮನೆಯಿತ್ತು. ಮಾಡಿದವನೂ ಕೊಂಡವನೂ ಒಂದೇ ಕೆರೆಯ ನೀರು ಕುಡಿಯುವವರಾದುದರಿಂದ, ಕೆಟ್ಟ ವಸ್ತುವಿನ ಹೊಣೆ ಯಾರದೆಂಬ ಪ್ರಶ್ನೆ ಹೆಚ್ಚು ದಿನ ಉಳಿಯುತ್ತಿರಲಿಲ್ಲ.

ಇಂದಿನ ಮನೆಯ ವಸ್ತುಗಳ ಬಗೆ ಬೇರೆ. ಅವು ಎಲ್ಲಿಯೋ ತಯಾರಾಗುತ್ತವೆ. ಯಾರ ಮೂಲಕವೋ ಮಾರಾಟವಾಗುತ್ತವೆ. ಒಳಗೆ ಏನಿದೆಯೆಂಬುದನ್ನು ಮುಚ್ಚಿದ ಪೆಟ್ಟಿಗೆ ಹೇಳುವುದಿಲ್ಲ. ತಯಾರಿಸಿದವನ ಮುಖವನ್ನು ಕೊಂಡವನು ಎಂದೂ ನೋಡುವುದಿಲ್ಲ. ಮುಖ ಪರಿಚಯದ ಸ್ಥಾನದಲ್ಲಿ ಈಗ ಒಂದು ಸಣ್ಣ ಕಾಗದ ಬಂದಿದೆ. ಅದನ್ನು ಜನರು ವಾರಂಟಿ ಚೀಟಿ ಎನ್ನುತ್ತಾರೆ. ವಸ್ತು ಕೆಟ್ಟೊಡನೆ ಎಲ್ಲರ ಬಾಯಲ್ಲಿಯೂ ಬರುವ ಮೊದಲ ಮಾತು: "ವಾರಂಟಿ ಇದೆಯೇ, ಮುಗಿದಿದೆಯೇ?" ಮುಗಿದಿದೆ ಎಂದು ಯಾರಾದರೂ ಹೇಳಿದರೆ ಸಾಕು, ನ್ಯಾಯಾಧೀಶನು ತೀರ್ಪು ಓದಿದಂತೆ ಎಲ್ಲರೂ ಸುಮ್ಮನಾಗುತ್ತಾರೆ. ವಸ್ತು ಅಟ್ಟ ಸೇರುತ್ತದೆ, ಇಲ್ಲವೆ ತಿಪ್ಪೆ ಸೇರುತ್ತದೆ. ಈ ಮೌನ ಸರಿಯೇ ಎಂಬುದನ್ನು ಪರಿಶೀಲಿಸಬೇಕು.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ತುಂಗಭದ್ರೆಯ ದಡದ ಕಂಪ್ಲಿಯಲ್ಲಿ ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಇದ್ದಾಳೆ. ಆಕೆಗೆ ಕಣ್ಣು ಕಾಣುವುದಿಲ್ಲ. ತಂದೆ ಭತ್ತದ ಗದ್ದೆಗಳಲ್ಲಿ ಕೂಲಿ ಮಾಡುವವನು. ದಾನಿಗಳು ಕೊಟ್ಟ ಹಳೆಯ ಕಂಪ್ಯೂಟರೊಂದು ಮನೆಯಲ್ಲಿದೆ. ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶ ಅದರಲ್ಲಿದೆ. ಆಸ್ಟ್ರೇಲಿಯದ ಮೈಕೆಲ್ ಕರನ್ ಮತ್ತು ಜೇಮಿ ಟೇ ಎಂಬ ಇಬ್ಬರು ದೃಷ್ಟಿಹೀನ ತಂತ್ರಜ್ಞರು ರೂಪಿಸಿದ ತಂತ್ರಾಂಶ ಅದು. ಮೈಕೆಲ್ ಕರನ್ ಈ ಕೆಲಸವನ್ನು 2006ರಲ್ಲಿ ಆರಂಭಿಸಿದರು. ಅದಕ್ಕೆ ಬೆಲೆಯಿಲ್ಲ, ಕನ್ನಡವನ್ನೂ ಅದು ಓದಬಲ್ಲುದು. ಆದರೆ ಓದಿದ್ದು ಕಿವಿಗೆ ಬೀಳಬೇಕಾದರೆ ಸ್ಪೀಕರು ಬೇಕು. ಅದಕ್ಕಾಗಿ ತಂದೆ ಹೊಸಪೇಟೆಯ ಅಂಗಡಿಯೊಂದರಲ್ಲಿ ಎಂಟುನೂರು ರೂಪಾಯಿ ಕೊಟ್ಟು ಒಂದು ಜೊತೆ ಸ್ಪೀಕರುಗಳನ್ನು ತಂದಿದ್ದನು. ಒಂದು ವರ್ಷದ ವಾರಂಟಿ ಎಂದು ಡಬ್ಬಿಯ ಮೇಲೆ ಅಚ್ಚಾಗಿತ್ತು.

ಜೂನ್ ತಿಂಗಳ ಒಂದು ಸಂಜೆ ಎಡಗಡೆಯ ಪೆಟ್ಟಿಗೆ ಮಾತು ನಿಲ್ಲಿಸಿತು. ಬಲಗಡೆಯದು ಗಂಟಲು ಕಟ್ಟಿದವರಂತೆ ಗೊರಗೊರನೆ ನುಡಿಯತೊಡಗಿತು. ಕಣ್ಣಿದ್ದವರಿಗೆ ಸ್ಪೀಕರು ಕೆಟ್ಟರೆ ಹಾಡು ನಿಲ್ಲುತ್ತದೆ, ಅಷ್ಟೆ. ಈ ಬಾಲಕಿಗೆ ಪುಸ್ತಕವೇ ಮುಚ್ಚಿಹೋಯಿತು. ಶಾಲೆ ಆಗತಾನೆ ಆರಂಭವಾಗಿತ್ತು; ಒಂದೊಂದು ದಿನದ ಪಾಠವೂ ಕೈತಪ್ಪಿ ಹೋಗುವಂತಾಯಿತು. ಎಂಟುನೂರು ರೂಪಾಯಿ ಆ ತಂದೆಗೆ ಸಣ್ಣ ಮೊತ್ತವಲ್ಲ. ಎರಡನೆಯ ಸಲ ತೆರುವಂಥ ಮೊತ್ತವಂತೂ ಅಲ್ಲ.

ಕೆಟ್ಟಿತೆಂದು ನಿರ್ಧರಿಸುವ ಮುನ್ನ ಕೆಟ್ಟಿರುವುದು ಯಾವುದೆಂದು ಅರಿಯುವುದು ವಿವೇಕ. ಅದಕ್ಕೆ ಸ್ಪೀಕರು ಹೇಗೆ ನುಡಿಯುತ್ತದೆಂಬುದು ಸ್ಥೂಲವಾಗಿಯಾದರೂ ತಿಳಿದಿರಬೇಕು. ಸ್ಪೀಕರಿನೊಳಗೆ ಉಂಗುರಾಕಾರದ ಒಂದು ಅಯಸ್ಕಾಂತವಿದೆ. ಅದರ ನಡುವಿನ ಕಿರಿದಾದ ಸಂದಿನಲ್ಲಿ ತೆಳುವಾದ ತಾಮ್ರದ ತಂತಿಯ ಸುರುಳಿ ತೂಗಿಕೊಂಡಿದೆ. ಸುರುಳಿಗೆ ಕಾಗದದ ಅಥವಾ ಪ್ಲಾಸ್ಟಿಕ್ಕಿನ ಒಂದು ಬಟ್ಟಲು ಅಂಟಿಕೊಂಡಿದೆ. ಕಂಪ್ಯೂಟರಿನಿಂದ ಬರುವ ಕ್ಷೀಣವಾದ ವಿದ್ಯುತ್ ಸಂಕೇತವನ್ನು ಪೆಟ್ಟಿಗೆಯೊಳಗಿನ ವರ್ಧಕವು ಬಲಪಡಿಸುತ್ತದೆ. ಆ ವಿದ್ಯುತ್ತು ಸುರುಳಿಯಲ್ಲಿ ಹರಿದಾಗ ಸುರುಳಿಯೂ ಅಯಸ್ಕಾಂತದಂತೆ ವರ್ತಿಸಿ ಮುಂದಕ್ಕೂ ಹಿಂದಕ್ಕೂ ಚಲಿಸುತ್ತದೆ. ಅದರೊಡನೆ ಬಟ್ಟಲು ಕಂಪಿಸುತ್ತದೆ, ಬಟ್ಟಲಿನೊಡನೆ ಗಾಳಿ ಕಂಪಿಸುತ್ತದೆ. ಗಾಳಿಯ ಆ ಕಂಪನವೇ ಕಿವಿಗೆ ಬೀಳುವ ಧ್ವನಿ. ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಅಮೆರಿಕದ ಎಂಜಿನಿಯರುಗಳು 1925ರಲ್ಲಿ ಈ ಬಗೆಯ ಧ್ವನಿವರ್ಧಕವನ್ನು ವಿವರಿಸಿ ಪ್ರಕಟಿಸಿದರು. ನೂರು ವರ್ಷ ಕಳೆದರೂ ಅದರ ಮೂಲತತ್ತ್ವ ಬದಲಾಗಿಲ್ಲ.

ಅಗ್ಗದ ಸ್ಪೀಕರುಗಳಲ್ಲಿ ಇರುವ ಕಪ್ಪು ಅಯಸ್ಕಾಂತ ಬಹುಪಾಲು ಫೆರೈಟ್ ಎಂಬ ಪದಾರ್ಥದ್ದು. ಕಬ್ಬಿಣದ ಆಕ್ಸೈಡಿಗೆ ಬೇರಿಯಂ ಅಥವಾ ಸ್ಟ್ರಾನ್ಷಿಯಂ ಸಂಯುಕ್ತವನ್ನು ಬೆರೆಸಿ, ಒತ್ತಿ, ಸುಟ್ಟು ಅದನ್ನು ತಯಾರಿಸುತ್ತಾರೆ. ಸಂಡೂರಿನ ಬೆಟ್ಟಸಾಲುಗಳನ್ನು ಕೆಂಪಾಗಿಸಿರುವ ಅದಿರಿನ ಮುಖ್ಯ ಅಂಶವೂ ಕಬ್ಬಿಣದ ಆಕ್ಸೈಡೇ. ಪೆಟ್ಟಿಗೆ ಎಲ್ಲಿಂದಲೇ ಬಂದಿರಲಿ, ಅದರ ಹೃದಯದಲ್ಲಿರುವುದು ಈ ಸೀಮೆಯ ಜನರು ಹುಟ್ಟಿದಂದಿನಿಂದ ತುಳಿದ ಮಣ್ಣಿನ ಬಂಧುವೇ. ಆದುದರಿಂದ ಅದನ್ನು ಕಂಡು ಭಯಪಡಬೇಕಾಗಿಲ್ಲ.

ಸ್ಪೀಕರು ಮೌನವಾಗಲು ಕಾರಣಗಳು ಹಲವು. ಅವುಗಳಲ್ಲಿ ಎಷ್ಟೋ ಸ್ಪೀಕರಿನ ದೋಷಗಳೇ ಆಗಿರುವುದಿಲ್ಲ. ಕಂಪ್ಯೂಟರಿನಲ್ಲಿ ಧ್ವನಿಯನ್ನು ಯಾರೋ ಮುಚ್ಚಿರಬಹುದು. ಧ್ವನಿ ಬೇರೊಂದು ಸಾಧನಕ್ಕೆ ಹೋಗುವಂತೆ ಆಯ್ಕೆಯಾಗಿರಬಹುದು. ಹಸಿರು ಬಣ್ಣದ ತೂತಿಗೆ ಹಾಕಬೇಕಾದ ತುದಿಯನ್ನು ಪಕ್ಕದ ತೂತಿಗೆ ಹಾಕಿರಬಹುದು. ಮೊದಲು ಸ್ಪೀಕರಿನ ತುದಿಯನ್ನು ಮೊಬೈಲ್ ಫೋನಿಗೋ ರೇಡಿಯೋಗೋ ಜೋಡಿಸಿ ನೋಡಬೇಕು. ಅಲ್ಲಿ ನುಡಿದರೆ ದೋಷ ಕಂಪ್ಯೂಟರಿನದು. ಅಲ್ಲಿಯೂ ನುಡಿಯದಿದ್ದರೆ ದೋಷ ಸ್ಪೀಕರಿನದು. ಬಳಿಕ ವಿದ್ಯುತ್ ಬರುತ್ತಿದೆಯೇ ಎಂದು ದೀಪವನ್ನು ನೋಡಬೇಕು. ಯುಎಸ್‌ಬಿ ತಂತಿಯಿಂದ ವಿದ್ಯುತ್ ಪಡೆಯುವ ಸ್ಪೀಕರಾದರೆ ತಂತಿಯನ್ನು ಬೇರೆ ತೂತಿಗೆ ಬದಲಾಯಿಸಬೇಕು. ತಂತಿಯ ಬುಡವನ್ನು ಮೆಲ್ಲಗೆ ಅಲುಗಾಡಿಸಿದಾಗ ಧ್ವನಿ ಬಂದು ಹೋದರೆ ತಂತಿ ಒಳಗೆ ತುಂಡಾಗಿದೆಯೆಂದು ಅರ್ಥ. ಧ್ವನಿ ಹೆಚ್ಚಿಸುವ ಗುಂಡಿಯನ್ನು ತಿರುಗಿಸುವಾಗ ಕರಕರ ಸದ್ದು ಬಂದರೆ ಗುಂಡಿಯೊಳಗೆ ಧೂಳು ಸೇರಿದೆಯೆಂದು ಊಹಿಸಬಹುದು. ಇವು ಯಾವುವಕ್ಕೂ ಪೆಟ್ಟಿಗೆಯನ್ನು ಬಿಚ್ಚಬೇಕಾಗಿಲ್ಲ. ಗೋಡೆಯ ಪ್ಲಗ್ಗಿಗೆ ನೇರವಾಗಿ ಜೋಡಿಸುವ ಸ್ಪೀಕರುಗಳ ಒಳಗೆ 230 ವೋಲ್ಟಿನ ವಿದ್ಯುತ್ತು ಬರುತ್ತದೆ. ಪ್ಲಗ್ಗು ತೆಗೆದ ಮೇಲೂ ಕೆಪಾಸಿಟರುಗಳಲ್ಲಿ ವಿದ್ಯುತ್ತು ಕೆಲಕಾಲ ಉಳಿದಿರಬಹುದು. ಅಂಥವನ್ನು ಬಿಚ್ಚುವುದು ಬಲ್ಲವರ ಕೆಲಸ. ಅಲ್ಲದೆ ವಾರಂಟಿಯ ಅವಧಿಯಲ್ಲಿ ಮುದ್ರೆ ಒಡೆದು ಪೆಟ್ಟಿಗೆ ಬಿಚ್ಚಿದರೆ, ಕಂಪನಿಗೆ ಹೊಣೆಯಿಂದ ನುಣುಚಿಕೊಳ್ಳಲು ಗ್ರಾಹಕನೇ ದಾರಿ ತೋರಿಸಿದಂತಾಗುತ್ತದೆ.

ಕಂಪ್ಲಿಯ ಬಾಲಕಿ ಈ ಪರೀಕ್ಷೆಗಳನ್ನು ಬೆರಳಿನ ಸ್ಪರ್ಶದಿಂದಲೂ ಕಿವಿಯಿಂದಲೂ ತಾನೇ ಮಾಡಿದಳು. ತಂದೆಯ ಫೋನಿಗೆ ಜೋಡಿಸಿದಾಗಲೂ ಎಡಗಡೆಯದು ಮೌನವಾಗಿಯೇ ಇತ್ತು. ದೋಷ ಸ್ಪೀಕರಿನದೆಂದು ಖಚಿತವಾಯಿತು. ಪಕ್ಕದ ಮನೆಯವರಿಂದ ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನನ್ನು ನಾಲ್ಕು ದಿನದ ಮಟ್ಟಿಗೆ ಕೇಳಿ ತಂದದ್ದರಿಂದ ಪಾಠವೂ ನಿಲ್ಲಲಿಲ್ಲ. ಅಗತ್ಯದ ಕೆಲಸಕ್ಕೆ ಮೊದಲು ಬದಲಿ ಏರ್ಪಾಡು, ಆಮೇಲೆ ಹಕ್ಕಿನ ವಿಚಾರ ಎಂಬುದು ಸಂಸಾರಸ್ಥರ ಕ್ರಮ.

ಮರುದಿನ ತಂದೆ ಮಗಳು ಹೊಸಪೇಟೆಯ ಅಂಗಡಿಗೆ ಬಂದರು. ಅಂಗಡಿಯವನು ಡಬ್ಬಿಯನ್ನು ತಿರುಗಿಸಿ ನೋಡಿ, "ವಾರಂಟಿ ಮುಗಿದೈತಪ್ಪ. ಇಲ್ಲಿ ನೋಡು, ಹೋದ ವರ್ಷ ಮಾರ್ಚ್ ತಿಂಗಳು ಅಂತ ಐತೆ. ಮೂರು ತಿಂಗಳು ಜಾಸ್ತಿನೇ ಆಯ್ತು" ಎಂದನು. ತಂದೆ ಡಬ್ಬಿಯನ್ನು ಕೈಗೆ ತೆಗೆದುಕೊಂಡು ಹಿಂದಿರುಗಲು ಅಣಿಯಾದನು. ಮಗಳು, "ಅಪ್ಪಾ, ಮಾರ್ಚ್ ಅಂದರೆ ತಯಾರಾದ ತಿಂಗಳು. ನೀನು ಕೊಂಡದ್ದು ಜೂನಿನಲ್ಲಿ, ಶಾಲೆ ಶುರುವಾದ ಮೇಲೆ" ಎಂದಳು. ತಂದೆ ತಿರುಗಿ ನಿಂತು, "ಸಾವುಕಾರ್ರೇ, ಬಿಲ್ಲು ಕಳೆದೈತೆ. ಆದರೆ ದುಡ್ಡು ಫೋನಿನಾಗೆ ಕಳಿಸಿದ್ದೆ. ಸ್ವಲ್ಪ ತಾಳ್ರಿ, ತೋರಿಸ್ತೀನಿ" ಎಂದನು. ಫೋನಿನ ಲೆಕ್ಕದಲ್ಲಿ ಹಿಂದಿನ ವರ್ಷದ ಜೂನ್ 14 ಎಂಬ ದಿನಾಂಕವೂ, ಎಂಟುನೂರು ರೂಪಾಯಿಯೂ, ಅಂಗಡಿಯ ಹೆಸರೂ ಇದ್ದವು. ಅಂದು ಜೂನ್ 9. ವಾರಂಟಿಗೆ ಇನ್ನೂ ಐದು ದಿನಗಳು ಉಳಿದಿದ್ದವು!

ಈ ಸಣ್ಣ ಪ್ರಸಂಗದಲ್ಲಿ ದೊಡ್ಡ ಪಾಠವಿದೆ. ವಾರಂಟಿಯ ಅವಧಿ ಸಾಮಾನ್ಯವಾಗಿ ಆರಂಭವಾಗುವುದು ವಸ್ತು ತಯಾರಾದ ದಿನದಿಂದಲ್ಲ, ಗ್ರಾಹಕನು ಕೊಂಡ ದಿನದಿಂದ. ಕೊಂಡ ದಿನವನ್ನು ತೋರಿಸಲು ಆಧಾರವಿಲ್ಲದಿದ್ದಾಗ ಮಾತ್ರ ಕಂಪನಿಗಳು ಡಬ್ಬಿಯ ಮೇಲಿನ ತಿಂಗಳನ್ನೋ ಕ್ರಮಸಂಖ್ಯೆಯನ್ನೋ ಹಿಡಿದು ಲೆಕ್ಕ ಹಾಕುತ್ತವೆ. ಬಿಲ್ಲು ಕಳೆದರೂ ಆಧಾರ ಪೂರ್ತಿಯಾಗಿ ಕಳೆದಂತಲ್ಲ. ಫೋನಿನ ಮೂಲಕ ಹಣ ಕೊಟ್ಟ ದಾಖಲೆ, ಬ್ಯಾಂಕಿನ ಪುಸ್ತಕ, ಅಂಚೆಯಲ್ಲಿ ತರಿಸಿದ್ದರೆ ಆರ್ಡರಿನ ವಿವರ ಇವೆಲ್ಲವೂ ನೆರವಿಗೆ ಬರುತ್ತವೆ. ಸರಕು ಮತ್ತು ಸೇವಾ ತೆರಿಗೆಯ ಕಾನೂನಿನಂತೆ ನೋಂದಾಯಿತ ವರ್ತಕನು ತನ್ನ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಪಟ್ಟಿಯ ಗಡುವಿನಿಂದ 72 ತಿಂಗಳುಗಳ ಕಾಲ ಕಾಪಾಡಬೇಕು. ಆದುದರಿಂದ ಬಿಲ್ಲಿನ ಪ್ರತಿಯನ್ನು ವಿನಯದಿಂದ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಇವೆಲ್ಲಕ್ಕಿಂತ ಉತ್ತಮವಾದುದು, ಕೊಂಡ ದಿನವೇ ಬಿಲ್ಲು ಕೇಳಿ ಪಡೆದು ಅದರ ಒಂದು ಚಿತ್ರವನ್ನು ತೆಗೆದಿಡುವುದು. ಕೆಲವು ಬಿಲ್ಲುಗಳ ಅಕ್ಷರಗಳು ಶಾಖದಿಂದ ಮೂಡಿದವು; ಬೇಸಿಗೆ ಕಳೆಯುವಷ್ಟರಲ್ಲಿ ಅವು ಮಾಸಿ ಬಿಳಿಯ ಕಾಗದವಷ್ಟೇ ಉಳಿಯುತ್ತದೆ.

ಗ್ಯಾರಂಟಿ ಎಂದರೆ ಬದಲಿ ಕೊಡುವುದು, ವಾರಂಟಿ ಎಂದರೆ ದುರಸ್ತಿ ಮಾಡಿಕೊಡುವುದು ಎಂಬ ತಿಳಿವಳಿಕೆ ಪೇಟೆಯಲ್ಲಿ ರೂಢವಾಗಿದೆ. ಹೆಸರಿಗಿಂತ ಚೀಟಿಯಲ್ಲಿ ಬರೆದ ಷರತ್ತುಗಳೇ ಮುಖ್ಯ. ಯಾವ ಭಾಗಕ್ಕೆ ಎಷ್ಟು ಕಾಲ, ಯಾವ ದೋಷಗಳಿಗೆ ಅನ್ವಯಿಸುವುದಿಲ್ಲ, ಎಲ್ಲಿಗೆ ಒಯ್ಯಬೇಕು ಎಂಬ ಮೂರು ಅಂಶಗಳನ್ನು ಕೊಳ್ಳುವಾಗಲೇ ಓದಬೇಕು. ನೀರು ಬಿದ್ದದ್ದು, ಕೆಳಗೆ ಬಿದ್ದು ಒಡೆದದ್ದು ಸಾಮಾನ್ಯವಾಗಿ ವಾರಂಟಿಗೆ ಒಳಪಡುವುದಿಲ್ಲ. ಬಳಸಿದವನ ತಪ್ಪನ್ನು ಮುಚ್ಚಿಟ್ಟು ಕಂಪನಿಯ ಮೇಲೆ ಹೊರಿಸುವುದು ಹಕ್ಕಲ್ಲ, ಅದು ಅಸತ್ಯ.

ಆ ದಿನ ತಂದೆ ಮಗಳು ಇನ್ನೊಂದು ಜಾಣ್ಮೆಯ ಕೆಲಸ ಮಾಡಿದರು. ದೋಷ ಇಂಥದು, ಕೊಂಡ ದಿನ ಇಂಥದು, ತಂದು ತೋರಿಸಿದ ದಿನ ಜೂನ್ 9 ಎಂದು ಒಂದು ಕಾಗದದಲ್ಲಿ ಬರೆದು, ಅಂಗಡಿಯವನಿಂದ ಸಹಿಯನ್ನೂ ಮೊಹರನ್ನೂ ಹಾಕಿಸಿಕೊಂಡರು. ಅದೇ ಒಕ್ಕಣೆಯನ್ನು ಕಂಪನಿಗೂ ಕಳುಹಿಸಿ ದೂರಿನ ಸಂಖ್ಯೆ ಪಡೆದರು. ಕಂಪನಿಯ ಉತ್ತರ ಬರಲು ತಿಂಗಳು ಹಿಡಿದರೂ, ವಾರಂಟಿ ಅಷ್ಟರಲ್ಲಿ ಮುಗಿದರೂ ಭಯವಿಲ್ಲ. ಅವಧಿಯೊಳಗೆ ದೋಷವನ್ನು ತಿಳಿಸಿದುದಕ್ಕೆ ಬರಹದ ಸಾಕ್ಷಿ ಇದೆ. ಬಾಯಿಮಾತು ಗಾಳಿಗೆ ಹೋಗುತ್ತದೆ. ಬರೆದ ಮಾತು ಕೈಯಲ್ಲಿ ಉಳಿಯುತ್ತದೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಗೆ, ಬರೆದಿಟ್ಟವನಿಗೆ ಸೋಲು ಕಡಿಮೆ ಎಂದು ಸೇರಿಸಬಹುದು.

ಸೌಜನ್ಯದಿಂದ ಕೇಳಿದರೂ ನ್ಯಾಯ ದೊರೆಯದಿದ್ದರೆ ಕಾನೂನಿನ ಆಶ್ರಯವಿದೆ. ಭಾರತದಲ್ಲಿ 1930ರ ಸರಕು ಮಾರಾಟ ಕಾಯಿದೆಯೇ, ವರ್ತಕನು ಮಾರಿದ ವಸ್ತು ಮಾರಾಟಕ್ಕೆ ಯೋಗ್ಯವಾದ ಗುಣಮಟ್ಟದ್ದಾಗಿರಬೇಕೆಂಬ ಷರತ್ತನ್ನು, ಬಾಯಲ್ಲಿ ಆಡದಿದ್ದರೂ ಆಡಿದಂತೆ ಗ್ರಹಿಸುತ್ತದೆ. ಆದರೆ ಎಂಟುನೂರು ರೂಪಾಯಿಯ ವಸ್ತುವಿಗಾಗಿ ಸಿವಿಲ್ ನ್ಯಾಯಾಲಯದ ಮೆಟ್ಟಿಲು ಹತ್ತುವವರು ಯಾರು? ಈ ಕೊರತೆಯನ್ನು ನೀಗಲು 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆಯನ್ನು ರಚಿಸಲಾಯಿತು. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆತ ಡಿಸೆಂಬರ್ 24ನ್ನು ರಾಷ್ಟ್ರೀಯ ಗ್ರಾಹಕರ ದಿನವನ್ನಾಗಿ ಆಚರಿಸಲಾಗುತ್ತದೆ. ಆ ಕಾಯಿದೆಯ ಸ್ಥಾನದಲ್ಲಿ 2019ರ ಹೊಸ ಕಾಯಿದೆ ಬಂದು, ಅದರ ಮುಖ್ಯ ಭಾಗಗಳು 2020ರ ಜುಲೈ 20ರಿಂದ ಜಾರಿಯಾದವು. ಮಾರಿದ ವಸ್ತುವಿಗೆ ಬಿಲ್ಲು ಕೊಡದಿರುವುದನ್ನು ಈ ಕಾಯಿದೆ ಅನುಚಿತ ವ್ಯಾಪಾರ ಪದ್ಧತಿ ಎಂದು ಎಣಿಸುತ್ತದೆ. ದೋಷವುಳ್ಳ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ ಮೂವತ್ತು ದಿನಗಳೊಳಗೆ ಹಿಂದಕ್ಕೆ ತೆಗೆದುಕೊಳ್ಳಲು ನಿರಾಕರಿಸುವುದೂ ಅಂಥದೇ. "ಒಮ್ಮೆ ಮಾರಿದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲ" ಎಂಬ ಫಲಕವನ್ನು ಗೋಡೆಗೆ ತೂಗುಹಾಕಿದ ಮಾತ್ರಕ್ಕೆ ಕಾನೂನು ಬದಲಾಗುವುದಿಲ್ಲ.

ಹಿಂದೆ ಗ್ರಾಹಕನು ವರ್ತಕನಿರುವ ಅಥವಾ ದೂರಿಗೆ ಕಾರಣ ಹುಟ್ಟಿದ ಊರಿಗೆ ಹೋಗಿ ದೂರು ಕೊಡಬೇಕಾಗುತ್ತಿತ್ತು. ಹೊಸ ಕಾಯಿದೆಯಂತೆ ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿಟ್ಟುಕೊಂಡು ವಿಜಯನಗರ ಜಿಲ್ಲೆ ರಚನೆಯಾದಾಗ ಕಂಪ್ಲಿ ಮತ್ತು ಸಂಡೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವು. ಹೀಗಾಗಿ ಕಂಪ್ಲಿಯ ಗ್ರಾಹಕನು ದೂರದ ಮಹಾನಗರದಿಂದ ತರಿಸಿದ ವಸ್ತುವಿನ ವಿಷಯದಲ್ಲಿಯೂ ಬಳ್ಳಾರಿಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಮೊರೆಹೋಗಬಹುದು. ವಸ್ತುವಿಗೆ ಕೊಟ್ಟ ಬೆಲೆ ಐದು ಲಕ್ಷ ರೂಪಾಯಿಗಳವರೆಗಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ನೇಮಿಸಲೇಬೇಕೆಂಬ ಕಡ್ಡಾಯವೂ ಇಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳೊಳಗೆ ಅದನ್ನು ಸಲ್ಲಿಸಬೇಕು. ತಡವಾದರೆ ತಕ್ಕ ಕಾರಣವನ್ನು ಆಯೋಗಕ್ಕೆ ಒಪ್ಪಿಸಬೇಕು. ಅದಕ್ಕೂ ಮುನ್ನ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ಕನ್ನಡದಲ್ಲಿಯೇ ದೂರು ಹೇಳಿಕೊಳ್ಳಬಹುದು. ಎಷ್ಟೋ ವ್ಯಾಜ್ಯಗಳು ಆಯೋಗದ ಬಾಗಿಲಿಗೆ ಬಾರದೆ ಅಲ್ಲಿಯೇ ಬಗೆಹರಿಯುತ್ತವೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ವಾರಂಟಿ ನಿಜವಾಗಿಯೂ ಮುಗಿದಿರುವ ಸಂದರ್ಭಗಳೇ ಹೆಚ್ಚು. ಆಗ ಕಾನೂನನ್ನು ಹಿಡಿದು ಎಳೆದಾಡುವುದು ವ್ಯರ್ಥ. ಆದರೆ ವಾರಂಟಿ ಮುಗಿಯಿತೆಂದರೆ ಕಂಪನಿಯ ಒಂದು ಮಾತು ಮುಗಿಯಿತೆಂದು ಅರ್ಥವೇ ಹೊರತು, ವಸ್ತುವಿನ ಆಯುಸ್ಸು ಮುಗಿಯಿತೆಂದಲ್ಲ. ಸಂಡೂರು ಸೀಮೆಯ ಗ್ರಾಮ ಪಂಚಾಯಿತಿ ಗ್ರಂಥಾಲಯವೊಂದರಲ್ಲಿ ಮಕ್ಕಳು ಕಥೆ ಕೇಳುವ ಸ್ಪೀಕರು ಮೂರು ವರ್ಷಗಳ ನಂತರ ಕೆಟ್ಟಿತೆಂದು ಇಟ್ಟುಕೊಳ್ಳಬಹುದು. ಅದಿರು ಲಾರಿಗಳು ಓಡಾಡುವ ದಾರಿಯ ಪಕ್ಕದ ಕಟ್ಟಡದಲ್ಲಿ ಕೆಂಧೂಳು ಯಾವ ಸಂದನ್ನೂ ಬಿಡುವುದಿಲ್ಲ. ಪೇಟೆಯ ಅನುಭವಿ ಮೆಕ್ಯಾನಿಕ್ಕನು ಪೆಟ್ಟಿಗೆ ಬಿಚ್ಚಿ ಮೊದಲು ಗುಂಡಿಯ ಧೂಳನ್ನು ದ್ರಾವಣ ಸಿಂಪಡಿಸಿ ತೊಳೆಯುತ್ತಾನೆ. ಅನಂತರ ಒಂದೂವರೆ ವೋಲ್ಟಿನ ಸೆಲ್ಲಿನ ಎರಡು ತಂತಿಗಳನ್ನು ಸ್ಪೀಕರಿನ ತುದಿಗಳಿಗೆ ಕ್ಷಣಮಾತ್ರ ತಾಕಿಸುತ್ತಾನೆ. ಟಕ್ ಎಂಬ ಸದ್ದು ಬಂದು ಬಟ್ಟಲು ಅಲುಗಿದರೆ ಸುರುಳಿ ಸುಸ್ಥಿತಿಯಲ್ಲಿದೆ. ದೋಷ ಬೇರೆ ಕಡೆ ಇದೆ. ಬಿರುಕು ಬಿಟ್ಟ ಬೆಸುಗೆಯನ್ನು ಮತ್ತೆ ಹಾಕುವುದು, ತಲೆ ಉಬ್ಬಿದ ಕೆಪಾಸಿಟರನ್ನು ಬದಲಾಯಿಸುವುದು, ತುಂಡಾದ ತಂತಿಯನ್ನು ಕತ್ತರಿಸಿ ಜೋಡಿಸುವುದು ಇವೆಲ್ಲ ಅಲ್ಪ ವೆಚ್ಚದ ಕೆಲಸಗಳು. ಸುರುಳಿಯೇ ಸುಟ್ಟಿದ್ದರೆ ಅದೇ ಅಳತೆಯ, ಅದೇ ಓಮ್ ಸಂಖ್ಯೆಯ ಬೇರೆ ಸ್ಪೀಕರನ್ನು ಆ ಪೆಟ್ಟಿಗೆಯಲ್ಲಿಯೇ ಕೂರಿಸಬಹುದು. ದುರಸ್ತಿಯ ವೆಚ್ಚ ಹೊಸದರ ಬೆಲೆಯ ಅರ್ಧವನ್ನು ಮೀರಿದರೆ ಮಾತ್ರ ಹೊಸದನ್ನು ಕೊಳ್ಳುವ ವಿಚಾರ ಮಾಡುವುದು ಲೇಸು. ಕೆಲಸಕ್ಕೆ ಕೈಹಾಕುವ ಮುನ್ನವೇ ವೆಚ್ಚವನ್ನು ಕೇಳಿಕೊಳ್ಳಬೇಕು. ತೆಗೆದ ಹಳೆಯ ಭಾಗವನ್ನು ಹಿಂದಕ್ಕೆ ಕೇಳಿ ಪಡೆಯಬೇಕು.

ದುರಸ್ತಿಯೆಂಬುದು ಬಡವರ ಅನಿವಾರ್ಯ ಕರ್ಮವೆಂದು ಕೆಲವರು ತಿಳಿಯುತ್ತಾರೆ. ಈ ನಾಡಿನ ಚರಿತ್ರೆ ಆ ತಿಳಿವಳಿಕೆಯನ್ನು ಒಪ್ಪುವುದಿಲ್ಲ. ವಿಜಯನಗರದ ಅರಸರ ಕಾಲದಲ್ಲಿ ತೋಡಿದ ಕಾಲುವೆಗಳು ಹೊಸಪೇಟೆ, ಹಂಪಿ, ಕಂಪ್ಲಿಗಳ ಗದ್ದೆತೋಟಗಳಿಗೆ ಇಂದಿಗೂ ನೀರುಣಿಸುತ್ತಿವೆ. ಹಂಪಿಯ ಅವಶೇಷಗಳ ನಡುವೆ ಹರಿಯುವ ತುರ್ತು ಕಾಲುವೆ ಅವುಗಳಲ್ಲಿ ಒಂದು. ಅವು ಉಳಿದಿರುವುದು ಒಮ್ಮೆ ಗಟ್ಟಿಯಾಗಿ ಕಟ್ಟಿದ್ದರಿಂದ ಮಾತ್ರವಲ್ಲ. ತಲೆತಲಾಂತರಗಳವರೆಗೆ ಹೂಳು ತೆಗೆದು, ಒಡೆದ ದಡವನ್ನು ಮುಚ್ಚುತ್ತ ಬಂದುದರಿಂದ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿಗೆ ಮೂವತ್ತಮೂರು ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ನದಿಗೆ ಹರಿಯುತ್ತಿರಲು, ಆ ನೀರನ್ನೇ ನಂಬಿದ ಲಕ್ಷಾಂತರ ರೈತರ ಎದೆ ನಡುಗಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಎಂಜಿನಿಯರುಗಳೂ ಕಾರ್ಮಿಕರೂ ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನು ಒಂದೊಂದಾಗಿ ಇಳಿಸಿ, ಸುಮಾರು ಒಂದು ವಾರದಲ್ಲಿ ಆ ಬಾಯಿಯನ್ನು ಮುಚ್ಚಿದರು. ಎಪ್ಪತ್ತು ವರ್ಷ ದುಡಿದ ಸರಪಳಿಗೆ ವಾರಂಟಿ ಕೊಡುವವರು ಯಾರು? ಅಲ್ಲಿ ನೆರವಾದುದು ಚೀಟಿಯಲ್ಲ, ಬಲ್ಲವರ ಕೈಗಳು. ಕಾಲಕಾಲಕ್ಕೆ ಪರೀಕ್ಷಿಸದ ವಸ್ತು ಎಂಥ ಗಂಡಾಂತರ ತರಬಲ್ಲುದೆಂಬ ಎಚ್ಚರಿಕೆಯೂ ಆ ಘಟನೆಯಲ್ಲಿದೆ.

ದುರಸ್ತಿಗೂ ಒಗ್ಗದ ವಸ್ತುಗಳು ಇವೆ. ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ಕಂಬಗಳು ತಟ್ಟಿದರೆ ಇಂಪಾಗಿ ನುಡಿಯುತ್ತವೆ. ನುಡಿಸಿ ನೋಡುವ ಆಸೆಯಿಂದ ಬಂದವರೆಲ್ಲರೂ ತಟ್ಟಿದರೆ ಅವು ಉಳಿಯುವುದೆಂತು? ಅದರಿಂದ ಅವುಗಳನ್ನು ತಟ್ಟುವುದನ್ನು ನಿಷೇಧಿಸಲಾಗಿದೆ. ಆ ಕಂಬದ ನಾದ ಒಮ್ಮೆ ಕೆಟ್ಟರೆ ಬದಲಿ ಕಂಬವನ್ನು ಕೊಡುವ ಅಂಗಡಿ ಲೋಕದಲ್ಲಿಲ್ಲ. ಕಲ್ಲಿನ ಕಂಬಕ್ಕೆ ಸಲ್ಲುವ ಎಚ್ಚರಿಕೆಯಲ್ಲಿ ನೂರರಲ್ಲೊಂದು ಪಾಲನ್ನು ಮನೆಯ ವಸ್ತುವಿಗೆ ತೋರಿದರೂ ಅದು ಹೆಚ್ಚು ಕಾಲ ಬಾಳುತ್ತದೆ. ಸ್ಪೀಕರಿನ ಧ್ವನಿಯನ್ನು ಒಡೆದು ಕೇಳಿಸುವಷ್ಟು ಏರಿಸದಿರುವುದು, ತಂತಿ ಹಿಡಿದು ಎಳೆಯದೆ ತುದಿ ಹಿಡಿದು ತೆಗೆಯುವುದು, ಬಳಸದಾಗ ಬಟ್ಟೆ ಮುಚ್ಚಿ ಧೂಳಿನಿಂದ ಕಾಪಾಡುವುದು ಇವಕ್ಕೆ ಕಾಸು ಖರ್ಚಿಲ್ಲ.

ಕೊನೆಗೂ ಕೆಲಸಕ್ಕೆ ಬಾರದಾದ ಸ್ಪೀಕರನ್ನು ಕಾಲುವೆಗೆ ಎಸೆಯುವುದಾಗಲಿ, ತಾಮ್ರದ ಆಸೆಗೆ ತಂತಿಗಳನ್ನು ಸುಡುವುದಾಗಲಿ ಕೂಡದು. ಸುಟ್ಟ ತಂತಿಯ ಹೊಗೆ ವಿಷಕಾರಿ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಇಂಥ ಸರಕಿನ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಅಧಿಕೃತ ಸಂಗ್ರಹಣೆಯವರಿಗೆ ಒಪ್ಪಿಸುವುದು ನಾಗರಿಕನ ಕರ್ತವ್ಯ. ತಯಾರಕರು ದುರಸ್ತಿಯ ಮಾಹಿತಿಯನ್ನು ಜನರಿಗೆ ಒದಗಿಸಬೇಕೆಂಬ ಆಶಯದಿಂದ ಕೇಂದ್ರ ಸರ್ಕಾರವು 2022ರ ಡಿಸೆಂಬರ್ 24ರಂದು ದುರಸ್ತಿಯ ಹಕ್ಕಿಗಾಗಿ ಒಂದು ಜಾಲತಾಣವನ್ನು ತೆರೆಯಿತು. ಕೆಟ್ಟುದನ್ನು ಸರಿಪಡಿಸಿಕೊಳ್ಳುವುದು ಒಂದು ಹಕ್ಕೆಂದು ಲೋಕದ ಹಲವು ದೇಶಗಳು ಈಗ ಮನಗಾಣುತ್ತಿವೆ. ಕುಳವನ್ನು ಕುಲುಮೆಗೆ ಒಯ್ಯುತ್ತಿದ್ದ ಹಳೆಯ ಒಕ್ಕಲಿಗನು ಅದನ್ನು ಯಾರಿಂದಲೂ ಕೇಳಿ ತಿಳಿದಿರಲಿಲ್ಲ.

ವಸ್ತು ಕೆಟ್ಟಾಗ ಮೌನವಾಗಬೇಕಾದುದು ವಸ್ತು ಮಾತ್ರ, ಮನುಷ್ಯನು ಅಲ್ಲ. ಅವನು ಪರೀಕ್ಷಿಸಬೇಕು, ದಿನಾಂಕವನ್ನು ಎಣಿಸಬೇಕು, ವಿನಯದಿಂದ ಕೇಳಬೇಕು, ಕೇಳಿದ್ದನ್ನು ಬರೆದಿಡಬೇಕು, ನ್ಯಾಯ ತನ್ನ ಕಡೆಗಿದ್ದರೆ ಬಿಡದೆ ಹಿಡಿಯಬೇಕು, ಇಲ್ಲದಿದ್ದರೆ ದುರಸ್ತಿಯವನ ಬಳಿಗೆ ಹೋಗಬೇಕು. ಎಂಟುನೂರು ರೂಪಾಯಿ ಸಣ್ಣದೋ ದೊಡ್ಡದೋ ಎಂಬುದನ್ನು ನಿರ್ಧರಿಸುವುದು ಅದನ್ನು ಗಳಿಸಿದವನ ಬೆವರು. ಆ ಪೆಟ್ಟಿಗೆಯ ಮಾತಿನಿಂದಲೇ ಪಾಠ ಕಲಿಯುವ ಮಗುವೊಂದು ಇದ್ದರೆ, ಅದರ ಬೆಲೆಯನ್ನು ಯಾವ ಬಿಲ್ಲಿನಲ್ಲಿಯೂ ಬರೆಯಲಾಗುವುದಿಲ್ಲ.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ವಾರಂಟಿಯ ಅವಧಿ ಸಾಮಾನ್ಯವಾಗಿ ಯಾವ ದಿನದಿಂದ ಆರಂಭವಾಗುತ್ತದೆ?
2. ರಾಷ್ಟ್ರೀಯ ಗ್ರಾಹಕರ ದಿನ ಯಾವುದು?
3. ಒಂದೂವರೆ ವೋಲ್ಟಿನ ಸೆಲ್ಲಿನಿಂದ ಮೆಕ್ಯಾನಿಕ್ಕನು ಏನನ್ನು ಪರೀಕ್ಷಿಸುತ್ತಾನೆ?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಸ್ಪೀಕರಿನಲ್ಲಿ ವಿದ್ಯುತ್ತು ಧ್ವನಿಯಾಗಿ ಮಾರ್ಪಡುವ ಬಗೆಯನ್ನು ವಿವರಿಸಿರಿ.
2. ಬಿಲ್ಲು ಕಳೆದಾಗ ಕೊಂಡ ದಿನವನ್ನು ತೋರಿಸಲು ಇರುವ ಆಧಾರಗಳು ಯಾವುವು?
3. ತುಂಗಭದ್ರಾ ಅಣೆಕಟ್ಟಿನ ಗೇಟಿನ ಘಟನೆಯಿಂದ ಕಲಿಯಬೇಕಾದ ಪಾಠವೇನು?

ಇ) ಸಂದರ್ಭವನ್ನು ವಿವರಿಸಿರಿ.
1. "ಅಪ್ಪಾ, ಮಾರ್ಚ್ ಅಂದರೆ ತಯಾರಾದ ತಿಂಗಳು."
2. "ಎಪ್ಪತ್ತು ವರ್ಷ ದುಡಿದ ಸರಪಳಿಗೆ ವಾರಂಟಿ ಕೊಡುವವರು ಯಾರು?"

ಈ) ನಿಮ್ಮ ಮನೆಯಲ್ಲಿ ಕೆಟ್ಟ ವಸ್ತುವೊಂದರ ದೋಷವನ್ನೂ ಕೊಂಡ ದಿನವನ್ನೂ ತಿಳಿಸಿ, ಅದನ್ನು ಮಾರಿದ ಅಂಗಡಿಯವರಿಗೆ ಒಂದು ಪತ್ರ ಬರೆಯಿರಿ.